ಮೌನದ ಕಡೆಗೆ ಐದು ಆಲ್ಬಂ



ಬಾನುಲಿ ನಿಲಯದಲ್ಲಿ ಕೆಲಸ ಮಾಡುವವರಿಗೆ ಒಂದು ಭಯ ಯಾವಾಗಲೂ ಇರುತ್ತದೆ. ಅದು ಮೌನದ ಭಯ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಹತ್ತು ಸೆಕೆಂಡು ಏನೂ ಕೇಳಿಸದಿದ್ದರೆ ಸಾಕು, ಡ್ಯೂಟಿ ರೂಮಿನಿಂದ ಯಾರಾದರೂ ಓಡಿಬರುತ್ತಾರೆ. ಮನೆಯಲ್ಲಿ ಕೂತ ನೀವೂ ಅಷ್ಟೇ. ಸೆಲ್ಲು ಮುಗಿಯಿತೇನೋ ಎಂದು ರೇಡಿಯೋವನ್ನು ಒಮ್ಮೆ ತಟ್ಟಿ ನೋಡುತ್ತೀರಿ.

ಇವತ್ತು ನಾನು ಮಾತಾಡುವುದು ಆ ಮೌನವನ್ನೇ ಹುಡುಕಿಕೊಂಡು ಹೋದ ಒಂದು ರಾಕ್ ಬ್ಯಾಂಡಿನ ಬಗ್ಗೆ. ಅವರ ಊರು ಲಂಡನ್. ಬ್ಯಾಂಡು ಹುಟ್ಟಿದ್ದು 1981ರಲ್ಲಿ. ಹೆಸರು ಟಾಕ್ ಟಾಕ್. ನಮ್ಮ ಮಾತಿನಲ್ಲಿ ಹೇಳಿದರೆ 'ಮಾತಾಡು, ಮಾತಾಡು'. ಈ ಹೆಸರಿಟ್ಟುಕೊಂಡವರು ಹತ್ತು ವರ್ಷಗಳಲ್ಲಿ ಐದು ಆಲ್ಬಂ ಮಾಡಿದರು. ಮೊದಲನೆಯದನ್ನು ಹಾಕಿದರೆ ಕುಣಿಯಬೇಕು ಅನ್ನಿಸುತ್ತದೆ. ಐದನೆಯದನ್ನು ಹಾಕಿದರೆ ಉಸಿರು ಬಿಗಿ ಹಿಡಿದು ಕೂರಬೇಕು ಅನ್ನಿಸುತ್ತದೆ. ಒಂದೇ ಗಂಟಲು, ಒಂದೇ ಡ್ರಮ್ಸ್ ಹುಡುಗ. ಆದರೂ ಎರಡೂ ಒಬ್ಬರದೇ ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಐದನ್ನೂ ಸೇರಿಸಿದರೆ ಸುಮಾರು ಮೂರೂವರೆ ಗಂಟೆಯ ಸಂಗೀತ. ಒಂದು ರಾತ್ರಿಯ ಬಯಲಾಟದ ಅರ್ಧವೂ ಆಗದು. ಆದರೆ ಒಂದೇ ಸಲ ಕೇಳಿ ಮುಗಿಸುವ ಸರಕಲ್ಲ ಇದು. ಹಾಗಾಗಿ ನಾವು ನಾಲ್ವರು ಒಂದು ಏರ್ಪಾಡು ಮಾಡಿಕೊಂಡೆವು. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸೇರುವುದು. ವಾರಕ್ಕೊಂದು ಆಲ್ಬಂ ಕೇಳುವುದು. ಹೊರಬಂದ ಕ್ರಮದಲ್ಲೇ ಕೇಳಬೇಕು. ಮುಗಿಯುವವರೆಗೆ ಯಾರೂ ಮಾತಾಡಬಾರದು. ಮುಗಿದ ಮೇಲೆ ಕಾಫಿ, ಆಮೇಲೆ ಚರ್ಚೆ. ನಾಲ್ವರಲ್ಲಿ ಒಬ್ಬರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಂ. ಇನ್ನೊಬ್ಬ ಧಾರವಾಡದ ಕಡೆಯ ಗೆಳೆಯ, ತಬಲಾ ನುಡಿಸುತ್ತಾನೆ. ಮೂರನೆಯವಳು ನಮ್ಮ ಅಕ್ಕನ ಮಗಳು. ನಾಲ್ಕನೆಯವನು ನಾನು. ಆ ಭಾನುವಾರಗಳಲ್ಲಿ ನಾವು ಕೇಳಿದ್ದನ್ನು, ಜಗಳವಾಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಇವತ್ತು ಹಾಡು ಕೇಳಿಸಲು ಅವಕಾಶವಿಲ್ಲ. ಮಾತಿನಲ್ಲೇ ಹೇಳಬೇಕು.

ಮೊದಲು ಜನರ ಪರಿಚಯ. ಹಾಡುವವರು ಮಾರ್ಕ್ ಹಾಲಿಸ್, 1955ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಹುಟ್ಟಿದವರು. ಡ್ರಮ್ಸ್ ಲೀ ಹ್ಯಾರಿಸ್. ಬೇಸ್ ಗಿಟಾರ್ ಪಾಲ್ ವೆಬ್. ಇವರಿಬ್ಬರೂ ಸೌತೆಂಡ್ ಎಂಬ ಕಡಲತೀರದ ಊರಿನವರು, ಶಾಲೆಯ ದಿನಗಳಿಂದ ಜೊತೆಗಾರರು. ಕೀಬೋರ್ಡಿಗೆ ಸೈಮನ್ ಬ್ರೆನರ್. ಇಎಂಐ ಎಂಬ ದೊಡ್ಡ ಕಂಪನಿ ಇವರನ್ನು ಕರೆದು ಒಪ್ಪಂದ ಮಾಡಿಕೊಂಡಿತು. ಅದೇ ಕಂಪನಿಯಲ್ಲಿ ಆಗ ಡ್ಯೂರನ್ ಡ್ಯೂರನ್ ಎಂಬ ಬ್ಯಾಂಡು ಮಿಂಚುತ್ತಿತ್ತು. ಅವರದೂ ಜೋಡಿ ಹೆಸರು, ಇವರದೂ ಜೋಡಿ ಹೆಸರು. ಇಬ್ಬರ ಆಲ್ಬಂ ನಿರ್ಮಾಪಕರೂ ಒಬ್ಬರೇ, ಕಾಲಿನ್ ಥರ್ಸ್ಟನ್. ಡ್ಯೂರನ್ ಡ್ಯೂರನ್ ಊರೂರು ತಿರುಗಿದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿ ಹಾಡಿದ್ದೂ ಇವರೇ. ಸರಿ, ಪತ್ರಿಕೆಯವರು ಒಂದೇ ತಕ್ಕಡಿಯಲ್ಲಿ ತೂಗಿಬಿಟ್ಟರು.

ಮೊದಲ ಆಲ್ಬಂ ಬಂದದ್ದು 1982ರ ಜುಲೈನಲ್ಲಿ. ಹೆಸರು 'ದಿ ಪಾರ್ಟೀಸ್ ಓವರ್'. ಆ ಕಾಲದ ಎಲ್ಲ ಗುರುತುಗಳೂ ಇದರಲ್ಲಿವೆ. ಸಿಂಥಸೈಸರ್ ಎಂಬ ವಿದ್ಯುತ್ ಕೀಬೋರ್ಡಿನ ಹೊಳಪು ಸದ್ದು. ಮೇಜು ಗುದ್ದಿದ ಹಾಗೆ ಬೀಳುವ ಡ್ರಮ್ಸ್. ಒಂದು ಕ್ಷಣವೂ ಬಿಡುವಿಲ್ಲ. ಹಾಡಿನ ಮೂಲೆಮೂಲೆಯನ್ನೂ ಯಾವುದಾದರೊಂದು ನಾದ ತುಂಬಿಕೊಂಡಿರುತ್ತದೆ. 'ಟುಡೇ' ಎಂಬ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಮುಂದೆ ಹಾಲಿಸ್ ಹೇಳಿದ ಒಂದು ಮಾತು ಇಲ್ಲಿ ಮುಖ್ಯ. ಸಿಂಥಸೈಸರ್ ಮೇಲೆ ತಮಗೆ ಪ್ರೀತಿಯಿರಲಿಲ್ಲ, ನಿಜವಾದ ವಾದ್ಯದವರನ್ನು ಕರೆಸಲು ದುಡ್ಡಿಲ್ಲದ ಕಾರಣ ಅದನ್ನು ಬಳಸಿದೆ ಎಂದರು.

ಈ ಆಲ್ಬಮನ್ನು ಬಿಟ್ಟು ನೇರ ನಾಲ್ಕನೆಯದಕ್ಕೆ ಹೋಗಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಕಿಕ್ಕಿರಿದ ಕೋಣೆಯನ್ನು ಮೊದಲು ನೋಡಿದವರಿಗೇ ಅದನ್ನು ತೆರವು ಮಾಡಿದಾಗ ಎಷ್ಟು ಸಾಮಾನು ಹೊರಹೋಯಿತು ಎಂದು ತಿಳಿಯುವುದು. ಜೊತೆಗೆ ಹಾಲಿಸ್ ಅವರ ದನಿ ಇಲ್ಲೇ ಸಿಗುತ್ತದೆ. ಗಂಟಲು ತುಂಬಿ ಬಂದವರು ಅಳು ತಡೆದು ಮಾತಾಡುವ ಹಾಗಿನ ದನಿ. ಆ ಥಳಕಿನ ಸಂಗೀತದ ಮೇಲೆ ಅದು ಹೊಂದುವುದೇ ಇಲ್ಲ. ಬೇರೆ ಯಾವುದೋ ಮನೆಯಿಂದ ಬಂದ ನೆಂಟನ ಹಾಗೆ ನಿಂತಿರುತ್ತದೆ.

ಹಾಗಾದರೆ ಈವರೆಗೆ ಇಷ್ಟು: ಒಂದು ಬ್ಯಾಂಡು, ತುಂಬಿ ತುಳುಕುವ ಒಂದು ಆಲ್ಬಂ, ಅದರೊಳಗೆ ಒಂಟಿಯಾದ ಒಂದು ದನಿ. ಈಗ ಎರಡನೆಯದಕ್ಕೆ ಬರೋಣ.

'ಇಟ್ಸ್ ಮೈ ಲೈಫ್' ಬಂದದ್ದು 1984ರಲ್ಲಿ. ಅಷ್ಟರೊಳಗೆ ಬ್ರೆನರ್ ಹೊರಟುಹೋಗಿದ್ದರು. ಅವರ ಜಾಗಕ್ಕೆ ಬಂದವರು ಟಿಮ್ ಫ್ರೀಸ್-ಗ್ರೀನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಇವರು ನಿರ್ಮಾಪಕರು, ಕೀಬೋರ್ಡ್ ನುಡಿಸುವವರು, ಹಾಲಿಸ್ ಜೊತೆ ಕೂತು ಹಾಡು ಕಟ್ಟುವವರು. ಆದರೂ ಬ್ಯಾಂಡಿನ ಫೋಟೋದಲ್ಲಿ ಇಲ್ಲ, ವೇದಿಕೆಯಲ್ಲೂ ಇಲ್ಲ. ಮುಂದಿನ ಅಷ್ಟೂ ಆಲ್ಬಂಗಳು ಈ ಇಬ್ಬರ ಕೂಡುದುಡಿಮೆ.

ಆಲ್ಬಂ ಹೆಸರಿನದೇ ಹಾಡು ಶುರುವಾಗುತ್ತಿದ್ದಂತೆ ನಮ್ಮ ನಿಯಮ ಮುರಿಯಿತು. ಅಕ್ಕನ ಮಗಳು ತಡೆಯಲಾರದೆ ಕೇಳಿಯೇಬಿಟ್ಟಳು: "ಮಾಮ, ಇದು ನೋ ಡೌಟ್ ಅವರ ಹಾಡಲ್ವಾ?" ಅವಳ ತಪ್ಪಿಲ್ಲ. 2003ರಲ್ಲಿ ಅಮೆರಿಕದ ನೋ ಡೌಟ್ ಬ್ಯಾಂಡು ಇದನ್ನು ಮತ್ತೆ ಹಾಡಿತು, ಲೋಕದ ತುಂಬ ಅದೇ ಹರಡಿತು. ಮೂಲದ ಹಾಡು 1984ರಲ್ಲಿ ಬ್ರಿಟನ್ನಿನಲ್ಲಿ ಮೊದಲ 40ರೊಳಗೂ ಬರಲಿಲ್ಲ. ಇವರನ್ನು ಕೈಹಿಡಿದದ್ದು ಯುರೋಪಿನ ಬೇರೆ ದೇಶಗಳು. 'ಸಚ್ ಎ ಶೇಮ್' ಎಂಬ ಹಾಡು ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಮನೆಮಾತಾಯಿತು. ಎಲ್ಲ ನಿರ್ಧಾರವನ್ನೂ ದಾಳ ಎಸೆದು ಮಾಡುವ ಒಬ್ಬನ ಕಥೆಯಿರುವ 'ದಿ ಡೈಸ್ ಮ್ಯಾನ್' ಕಾದಂಬರಿ ಓದಿ ಹುಟ್ಟಿದ ಹಾಡು ಅದು.

ಆದರೆ ನಮ್ಮ ಎಳೆ ಮೌನದ್ದು. ಆ ಎಳೆ ಮೊದಲ ಬಾರಿ ಕೈಗೆ ಸಿಗುವುದು ಇಲ್ಲೇ, ಅದೂ ಒಂದು ವಿಡಿಯೋದಲ್ಲಿ. ನಿಮ್ಮ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ. 'ಇಟ್ಸ್ ಮೈ ಲೈಫ್' ಹಾಡಿಗೆ ಟಿಮ್ ಪೋಪ್ ಎಂಬುವರು ಚಿತ್ರ ತೆಗೆದರು. ಲಂಡನ್ನಿನ ಮೃಗಾಲಯ. ಹಾಲಿಸ್ ಉದ್ದ ಕೋಟು ಹಾಕಿಕೊಂಡು ನಿಂತಿದ್ದಾರೆ. ನಡುನಡುವೆ ಪ್ರಾಣಿಗಳು ಓಡುತ್ತವೆ, ಹಾರುತ್ತವೆ, ಈಜುತ್ತವೆ. ಹಾಡು ನಡೆಯುತ್ತಲೇ ಇದೆ, ಹಾಡುಗಾರನ ಬಾಯಿ ಮಾತ್ರ ಮುಚ್ಚಿದೆ. ತುಟಿಯ ಮೇಲೆ ಕೈಯಿಂದ ಬರೆದ ಗೆರೆಗಳು ಕುಣಿದು ಅದನ್ನು ಇನ್ನಷ್ಟು ಮುಚ್ಚುತ್ತವೆ. ಟೇಪಿಗೆ ತುಟಿ ಆಡಿಸುವುದು ಸುಳ್ಳು ಎಂದು ಹಾಲಿಸ್ ಅವರಿಗೆ ಅನ್ನಿಸಿತ್ತು. ಕಂಪನಿ ಒಪ್ಪಲಿಲ್ಲ, ಮತ್ತೊಮ್ಮೆ ತೆಗೆಸಿತು. ಎರಡನೆಯ ಸಲ ಅವರು ತುಟಿ ಆಡಿಸಿದರು, ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ ತಪ್ಪುತಪ್ಪಾಗಿ ಆಡಿಸಿದರು.

ನಮ್ಮ ಮೇಡಂ ಆ ಸಂಜೆ ಹೇಳಿದ್ದು ನನಗೆ ಹಿಡಿಸಿತು. "ಇನ್ನೂ ಸಂಗೀತದಲ್ಲಿ ಅವರಿಗೆ ಬಾಯಿ ಮುಚ್ಚೋಕೆ ಆಗ್ತಿಲ್ಲ. ಅದಕ್ಕೇ ಮೊದಲು ಮುಖದಲ್ಲಿ ಮುಚ್ಚಿದ್ದಾರೆ" ಎಂದರು.

ಎರಡು ಆಲ್ಬಂ ಆಯಿತು. ಮೊದಲನೆಯದರಲ್ಲಿ ತುಂಬಿದ ಕೋಣೆ, ಎರಡನೆಯದರಲ್ಲಿ ಮುಚ್ಚಿದ ಬಾಯಿ. ಯುರೋಪಿನಿಂದ ದುಡ್ಡು ಬಂದಿದೆ. ಇನ್ನು ಹಾಲಿಸ್ ತಮಗೆ ಬೇಕಾದ ವಾದ್ಯಗಾರರನ್ನು ಕರೆಯಬಹುದು.

ಕರೆದರು. 1986ರ ಫೆಬ್ರವರಿಯಲ್ಲಿ 'ದಿ ಕಲರ್ ಆಫ್ ಸ್ಪ್ರಿಂಗ್' ಬಂತು. ವಸಂತದ ಬಣ್ಣ. ಸಿಂಥಸೈಸರ್ ಹಿಂದೆ ಸರಿದು ಪಿಯಾನೋ, ಗಿಟಾರ್, ಆರ್ಗನ್ ಮುಂದೆ ಬಂದವು. ಆಗಲೇ ಹೆಸರಾಗಿದ್ದ ಸ್ಟೀವ್ ವಿನ್‌ವುಡ್ ಆರ್ಗನ್ ನುಡಿಸಿದರು. ಡ್ಯಾನಿ ಥಾಂಪ್ಸನ್ ಆಳೆತ್ತರದ ಡಬಲ್ ಬೇಸ್ ಹಿಡಿದು ಬಂದರು. ಮಾರ್ಕ್ ಫೆಲ್ಥಮ್ ಮೌತ್ ಆರ್ಗನ್ ಊದಿದರು. ಮೊದಲ ಹಾಡಿನಲ್ಲೇ ಶಾಲೆಯ ಮಕ್ಕಳ ಕಂಠಗಳಿವೆ. ಈ ಆಲ್ಬಂ ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೆ ಏರಿತು. ಬ್ಯಾಂಡಿನ ಬದುಕಿನಲ್ಲೇ ಅತಿ ಹೆಚ್ಚು ಮಾರಾಟವಾದ ಹೊಸ ಆಲ್ಬಂ ಇದು. 'ಲೈಫ್ಸ್ ವಾಟ್ ಯು ಮೇಕ್ ಇಟ್' ಹಾಡಿನ ಪಿಯಾನೋವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕೆಳಸ್ವರದಲ್ಲಿ ಅದೇ ಒಂದು ತುಣುಕು, ಗಾಣ ತಿರುಗಿದ ಹಾಗೆ, ಹಾಡಿನ ಕೊನೆಯವರೆಗೂ.

ಆದರೆ ಆಲ್ಬಮಿನ ಕೊನೆಯ ಹತ್ತಿರ ಒಂದು ಪುಟ್ಟ ಹಾಡಿದೆ. 'ಕಮೀಲಿಯನ್ ಡೇ'. ಮೂರು ನಿಮಿಷ ಚಿಲ್ಲರೆ. ಡ್ರಮ್ಸ್ ಇಲ್ಲವೇ ಇಲ್ಲ. ಒಂದು ಪಿಯಾನೋ, ಊದುವ ವಾದ್ಯದಂತಹ ಒಂದು ನಾದ, ನಡುವೆ ಬೇಕಾದಷ್ಟು ಖಾಲಿ ಜಾಗ. ಹಾಲಿಸ್ ಪಿಸುಮಾತಿಗೆ ಇಳಿದು ಥಟ್ಟನೆ ಕೂಗುತ್ತಾರೆ, ಮತ್ತೆ ಇಳಿಯುತ್ತಾರೆ. ಹಾಗೆಯೇ 'ಲೈಫ್ಸ್ ವಾಟ್ ಯು ಮೇಕ್ ಇಟ್' ಹಾಡಿನ ಗಾನತಟ್ಟೆಯ ಹಿಂಬದಿಯಲ್ಲಿ 'ಇಟ್ಸ್ ಗೆಟಿಂಗ್ ಲೇಟ್ ಇನ್ ದಿ ಈವ್ನಿಂಗ್' ಎಂಬ ಹಾಡನ್ನು ಇಟ್ಟಿದ್ದರು. ಆಲ್ಬಮಿನಲ್ಲಿ ಅದು ಇಲ್ಲ. ಮುಂದೆ ಏನು ಬರಲಿದೆ ಎಂಬ ಸುಳಿವೆಲ್ಲ ಆ ಹಿಂಬದಿಯಲ್ಲಿತ್ತು. ಇಂಥ ಹಿಂಬದಿಗಳನ್ನು ತಿರುಗಿಸಿ ಕೇಳುವವರು ಆಗಲೂ ಕಡಿಮೆ.

ಆ ವರ್ಷವೇ ಬ್ಯಾಂಡು ಯುರೋಪಿನ ತುಂಬ ತಿರುಗಿ ಹಾಡಿತು. ಮುಗಿದ ಮೇಲೆ ಮತ್ತೆಂದೂ ವೇದಿಕೆ ಹತ್ತಲಿಲ್ಲ. ಕೀರ್ತಿ ತುದಿಯಲ್ಲಿದ್ದಾಗ, 1986ರಲ್ಲಿ, ಜನರ ಮುಂದೆ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಕೇಳುಗರೇ, ಇಲ್ಲಿಯವರೆಗಿನ ದಾರಿ ಹೀಗಿದೆ. ಮೂರು ಆಲ್ಬಂ. ತುಂಬಿದ್ದು, ಬಾಯಿ ಮುಚ್ಚಿದ್ದು, ನಡುವೆ ಒಂದು ಖಾಲಿ ಅಂಗಳ ತೆರೆದದ್ದು. ಗೆದ್ದವರಿಗೆ ಕಂಪನಿ ಕೈಬಿಚ್ಚಿ ದುಡ್ಡು ಕೊಟ್ಟಿತು. ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ ಎಂದಿತು. ಆ ದುಡ್ಡು, ಆ ದಿನಗಳು ಏನಾದವು ಎಂಬುದೇ ನಾಲ್ಕನೆಯ ಆಲ್ಬಮಿನ ಕಥೆ. ನನ್ನ ಸಮಯದಲ್ಲಿ ದೊಡ್ಡ ಪಾಲು ಇದಕ್ಕೇ ಮೀಸಲು.

ಉತ್ತರ ಲಂಡನ್ನಿನಲ್ಲಿ ವೆಸೆಕ್ಸ್ ಎಂಬ ಸ್ಟುಡಿಯೋ ಇತ್ತು. ಹಿಂದೆ ಚರ್ಚಿಗೆ ಸೇರಿದ ಸಭಾಂಗಣವಾಗಿದ್ದ ಕಟ್ಟಡ. 1987ರ ಮೇ ತಿಂಗಳಲ್ಲಿ ಹಾಲಿಸ್, ಫ್ರೀಸ್-ಗ್ರೀನ್, ಧ್ವನಿಮುದ್ರಕ ಫಿಲ್ ಬ್ರೌನ್ ಒಳಗೆ ಹೋದರು. ಹೊರಬಂದದ್ದು 1988ರ ಮಾರ್ಚಿನಲ್ಲಿ. ಸುಮಾರು ಹತ್ತು ತಿಂಗಳು. ಬ್ರೌನ್ ಹುಡುಗನಾಗಿದ್ದಾಗಲೇ ಜಿಮಿ ಹೆಂಡ್ರಿಕ್ಸ್, ರೋಲಿಂಗ್ ಸ್ಟೋನ್ಸ್ ಮುದ್ರಣಗಳಲ್ಲಿ ಟೇಪು ಹಾಕುವ ಕೆಲಸ ಮಾಡಿದವರು. ಅಂಥವರಿಗೂ ಇದು ಹೊಸದು. ಮುಂದೆ ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಆ ದಿನಗಳನ್ನು ಬರೆದಿದ್ದಾರೆ. ಸ್ಟುಡಿಯೋದಲ್ಲಿ ದೀಪವಿಲ್ಲ. ಬಣ್ಣದ ಎಣ್ಣೆ ಹರಿದಾಡುವ ಒಂದು ಪ್ರೊಜೆಕ್ಟರಿನ ಬೆಳಕು ಗೋಡೆಯ ಮೇಲೆ ತೇಲುತ್ತಿರುತ್ತದೆ. ಹಗಲೋ ರಾತ್ರಿಯೋ ತಿಳಿಯದು.

ಒಬ್ಬೊಬ್ಬ ವಾದ್ಯಗಾರರನ್ನೂ ಆ ಕತ್ತಲಿಗೆ ಕರೆತರುತ್ತಿದ್ದರು. ಕೈಯಲ್ಲಿ ಸ್ವರ ಬರೆದ ಹಾಳೆ ಕೊಡುತ್ತಿರಲಿಲ್ಲ. ಟೇಪು ಹಾಕುತ್ತೇವೆ, ಕಿವಿಗೆ ಬಿದ್ದದ್ದಕ್ಕೆ ತೋಚಿದ್ದನ್ನು ನುಡಿಸಿ ಎನ್ನುತ್ತಿದ್ದರು. ವಯೋಲಿನ್‌ಗೆ ನೈಜಲ್ ಕೆನಡಿ ಬಂದರು. ಟ್ರಂಪೆಟ್‌ಗೆ ಹೆನ್ರಿ ಲೋಥರ್. ಡಬಲ್ ಬೇಸ್‌ಗೆ ಮತ್ತೆ ಡ್ಯಾನಿ ಥಾಂಪ್ಸನ್. ಕ್ಲಾರಿನೆಟ್, ಓಬೋ, ಬಸೂನ್ ನುಡಿಸುವವರು ಬಂದರು. ಗಂಟೆಗಟ್ಟಲೆ ನುಡಿಸಿ ಹೋಗುತ್ತಿದ್ದರು. ಆಮೇಲೆ ಹಾಲಿಸ್ ಕೂತು ಕೇಳುತ್ತಿದ್ದರು. ಒಂದು ಗಂಟೆಯ ವಾದನದಲ್ಲಿ ಕೆಲವೇ ಸೆಕೆಂಡು ಇಟ್ಟುಕೊಂಡು ಮಿಕ್ಕದ್ದನ್ನು ಅಳಿಸಿಹಾಕುತ್ತಿದ್ದರು. ಉಳಿದ ತುಣುಕನ್ನು ನುಡಿಸಿದ ಜಾಗದಿಂದ ಎತ್ತಿ ಬೇರೆಲ್ಲೋ ಕೂರಿಸುತ್ತಿದ್ದರು. ಕೇಳಿದರೆ ಎಲ್ಲರೂ ಒಟ್ಟಿಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ ಹಾಗಿದೆ. ನಿಜದಲ್ಲಿ ಬಹುಪಾಲು ಜನ ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ.

ಎರಡು ಸ್ವರ ನುಡಿಸುವ ಮೊದಲು ಒಂದು ಸ್ವರ ನುಡಿಸುವುದನ್ನು ಕಲಿಯಬೇಕು, ಆ ಒಂದನ್ನೂ ಕಾರಣವಿಲ್ಲದೆ ನುಡಿಸಬಾರದು. ಹಾಲಿಸ್ ಮುಂದೊಂದು ಸಂದರ್ಶನದಲ್ಲಿ ಹೇಳಿದ ಮಾತಿನ ಸಾರ ಇದು. ಹೇಳುವುದು ಸುಲಭ. ಆದರೆ ಹೆಸರಾಂತ ಕಲಾವಿದರು ಇಡೀ ದಿನ ನುಡಿಸಿದ್ದನ್ನು ಅಳಿಸುವಾಗ ಕೈ ನಡುಗಿರಲಾರದೇ? ನನಗೆ ಪದೇ ಪದೇ ಕಾಡುವ ಪ್ರಶ್ನೆ ಇದು. ಅಳಿಸಿದ್ದು ಕೆಟ್ಟದ್ದೇನಲ್ಲ. ಚೆನ್ನಾಗಿದ್ದದ್ದೇ. ಚೆನ್ನಾಗಿದ್ದದ್ದನ್ನು ಬೇಡ ಎನ್ನುವ ಗಟ್ಟಿತನ ಎಲ್ಲಿಂದ ಬಂತು?

ಈ ಆಲ್ಬಮಿನ ಹೆಸರು 'ಸ್ಪಿರಿಟ್ ಆಫ್ ಈಡನ್'. 1988ರ ಸೆಪ್ಟೆಂಬರಿನಲ್ಲಿ ಹೊರಬಂತು. ಆರು ಹಾಡು, 40 ನಿಮಿಷ ಚಿಲ್ಲರೆ. ಹೊದಿಕೆಯ ಚಿತ್ರ ಬರೆದವರು ಜೇಮ್ಸ್ ಮಾರ್ಷ್, ಇವರ ಆಲ್ಬಂಗಳ ಹೊದಿಕೆಗಳೆಲ್ಲ ಅವರದೇ. ನೀರಿನಿಂದ ಮೇಲೆದ್ದ ಒಂದು ಮರ. ಕೊಂಬೆಗಳಲ್ಲಿ ಹಣ್ಣಿನ ಬದಲು ಕಡಲಿನ ಚಿಪ್ಪುಗಳು, ನಡುವೆ ಹಕ್ಕಿಗಳು.

ನಾಲ್ಕನೆಯ ಭಾನುವಾರ ಸೆಕೆ ಬಹಳ. ಫ್ಯಾನು ಜೋರಾಗಿ ತಿರುಗುತ್ತಿತ್ತು. ಆಲ್ಬಂ ಹಾಕಿದೆ. ಎರಡು ನಿಮಿಷವಾದರೂ ಏನೂ ಇಲ್ಲ. ಧಾರವಾಡದ ಗೆಳೆಯ ನನ್ನ ಮುಖ ನೋಡಿದ. "ಹಾಡು ಚಾಲೂ ಆಗೇತೋ ಇಲ್ಲೋ?" ಎಂದ. ನಾನು ಸದ್ದು ಹೆಚ್ಚಿಸಲು ಏಳುತ್ತಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಪ್ಲೇಯರಿನಲ್ಲಿ ಬ್ಯಾಟರಿ ಇತ್ತು, ಅದು ನಿಲ್ಲಲಿಲ್ಲ. ಫ್ಯಾನು ನಿಧಾನವಾಗಿ ನಿಂತಿತು. ರೆಕ್ಕೆಯ ಸದ್ದು ಇಳಿಯುತ್ತ ಹೋದ ಹಾಗೆ ಕೋಣೆಯೊಳಗೆ ಸಂಗೀತ ಏಳುತ್ತ ಬಂತು. ಅದು ಆಗಲೇ ಶುರುವಾಗಿತ್ತು. ನಾವು ಕೇಳಿಸಿಕೊಂಡಿರಲಿಲ್ಲ.

ಮೊದಲಿಂದ ಹಾಕಿದೆವು. ಎಲ್ಲೋ ದೂರದ ಬೆಟ್ಟದಾಚೆ ಒಬ್ಬರು ಟ್ರಂಪೆಟ್ ಊದುತ್ತಿದ್ದಾರೆ. ಕೆಳಗೆ ತಂತಿವಾದ್ಯಗಳು ಮಂದ್ರದಲ್ಲಿ ಗುಂಯ್‌ಗುಡುತ್ತಿವೆ. ಏನೋ ಉಜ್ಜಿದ ಸದ್ದು, ಮರ ಕಿರುಗುಟ್ಟಿದ ಸದ್ದು. ಹೀಗೆ ಎರಡು ಮೂರು ನಿಮಿಷ. ಆಮೇಲೆ ಗಿಟಾರು, ನಿಧಾನದ ಡ್ರಮ್ಸ್. ಥಟ್ಟನೆ ಮೌತ್ ಆರ್ಗನ್, ಆಂಪ್ಲಿಫೈಯರಿನಲ್ಲಿ ಒಡೆದು ಗಾಯಗೊಂಡ ಪ್ರಾಣಿಯ ಹಾಗೆ ಅರಚುತ್ತದೆ. ಮೊದಲ ಮೂರು ಹಾಡುಗಳು ಒಂದಕ್ಕೊಂದು ಬೆಸೆದಿವೆ. ಸುಮಾರು 23 ನಿಮಿಷ ಎಲ್ಲೂ ಕಡಿಯುವುದಿಲ್ಲ. ಮೂರನೆಯದಾದ 'ಡಿಸೈರ್'ನಲ್ಲಿ ಪಿಸುಗುಡುತ್ತಿದ್ದ ಸಂಗೀತ ಗೋಡೆ ಒಡೆದು ಬಂದ ಹಾಗೆ ನುಗ್ಗುತ್ತದೆ. ಮರುಗಳಿಗೆ ಮತ್ತೆ ಪಿಸುಮಾತು. ಆ ಅಬ್ಬರ ಬೆಚ್ಚಿಬೀಳಿಸುವುದು ಅದರ ಮುಂಚಿನ ನಿಶ್ಶಬ್ದದಿಂದ. ಮೊದಲ ಆಲ್ಬಮಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಸದ್ದಿತ್ತು, ಅಲ್ಲಿ ನಾವು ಒಮ್ಮೆಯೂ ಬೆಚ್ಚಲಿಲ್ಲ.

ಐದನೆಯ ಹಾಡು 'ಐ ಬಿಲೀವ್ ಇನ್ ಯು'. ಹೆರಾಯಿನ್ ಎಂಬ ಮಾದಕದ್ರವ್ಯ ಮನುಷ್ಯರನ್ನು ತಿಂದುಹಾಕುವ ಬಗ್ಗೆ ಇರುವ ಹಾಡು. ಹಾಲಿಸ್ ಅವರನ್ನು ಸಂಗೀತಕ್ಕೆ ಕೈಹಿಡಿದು ಕರೆತಂದದ್ದು ಅವರ ಅಣ್ಣ ಎಡ್. ಆ ಅಣ್ಣನೂ ಈ ಚಟಕ್ಕೆ ಬಿದ್ದಿದ್ದರು. 1989ರಲ್ಲಿ ತೀರಿಕೊಂಡರು. ಹಾಡು ಯಾರೋ ಒಬ್ಬರ ಮೇಲೆ ಕಟ್ಟಿದ್ದಲ್ಲ ಎಂದು ಹಾಲಿಸ್ ಹೇಳಿದ್ದಾರೆ. ಅದನ್ನು ಗೌರವಿಸೋಣ. ಆದರೆ ಹಾಡಿನ ಕೊನೆಯಲ್ಲಿ ಚೆಮ್ಸ್‌ಫರ್ಡ್ ಕೆಥೆಡ್ರಲಿನ ಗಾಯಕವೃಂದ ಎದ್ದು ಬರುತ್ತದೆ. ದೊಡ್ಡ ಬಾಗಿಲನ್ನು ಯಾರೋ ಮೆತ್ತಗೆ ತೆರೆದ ಹಾಗೆ. ಆ ಕಂಠಗಳ ನಡುವೆ ಹಾಲಿಸ್ ಒಂದೇ ಒಂದು ಪದವನ್ನು ಎಳೆದು ಎಳೆದು ಹಾಡುತ್ತಾರೆ. ಅಲ್ಲಿಗೆ ಬಂದಾಗ ನಮ್ಮ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಸಂಜೆ ಕಾಫಿ ತಣ್ಣಗಾಯಿತು. ಚರ್ಚೆಯೂ ನಡೆಯಲಿಲ್ಲ.

ಆಲ್ಬಂ ಬ್ರಿಟನ್ನಿನಲ್ಲಿ 19ನೇ ಸ್ಥಾನಕ್ಕೆ ಬಂದು ಇಳಿಯಿತು. ರೇಡಿಯೋಗಳಿಗೆ ಹಾಕಲು ಹಾಡು ಸಿಗಲಿಲ್ಲ. ಕಂಪನಿ ಮತ್ತು ಬ್ಯಾಂಡಿನ ನಡುವೆ ಒಪ್ಪಂದದ ವ್ಯಾಜ್ಯ ಹುಟ್ಟಿ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು. ಬ್ಯಾಂಡು ಬಿಡುಗಡೆ ಪಡೆಯಿತು. ಕಂಪನಿ ಹಳೆಯ ಹಾಡುಗಳನ್ನು ಸೇರಿಸಿ 1990ರಲ್ಲಿ ಒಂದು ಸಂಕಲನ ತಂದಿತು. ಅದು ಚೆನ್ನಾಗಿ ಮಾರಾಟವಾಯಿತು. ಅದೇ ವರ್ಷ 'ಇಟ್ಸ್ ಮೈ ಲೈಫ್' ಮತ್ತೆ ಬಂದು 13ನೇ ಸ್ಥಾನಕ್ಕೆ ಏರಿತು. ಮರುವರ್ಷ ಅದೇ ಹಾಡುಗಳಿಗೆ ಬೇರೆಯವರಿಂದ ಹೊಸ ತಾಳ ಹಾಕಿಸಿ, ಇವರನ್ನು ಕೇಳದೆ, ಇನ್ನೊಂದು ಆಲ್ಬಂ ತಂದರು. ಹಾಲಿಸ್ ಮತ್ತೆ ಕೋರ್ಟಿಗೆ ಹೋದರು. ಉಳಿದ ಪ್ರತಿಗಳನ್ನು ನಾಶ ಮಾಡಬೇಕಾಯಿತು. ಮಾರುಕಟ್ಟೆಗೆ ಬೇಕಾಗಿದ್ದದ್ದು ಹಳೆಯ ಸದ್ದು. ಅವರು ಅದನ್ನು ಬಿಟ್ಟು ಬಹಳ ದೂರ ನಡೆದುಬಂದಿದ್ದರು.

ಈಗ ಎಲ್ಲಿದ್ದೇವೆ? ನಾಲ್ಕು ಆಲ್ಬಂ ಮುಗಿದಿವೆ. ಬ್ಯಾಂಡು ಕಂಪನಿಯನ್ನು ಬಿಟ್ಟಿದೆ. ಪಾಲ್ ವೆಬ್ ಕೂಡ ಬ್ಯಾಂಡು ಬಿಟ್ಟರು. ಉಳಿದವರು ಹಾಲಿಸ್, ಡ್ರಮ್ಸ್ ಹ್ಯಾರಿಸ್, ಜೊತೆಗೆ ಫೋಟೋದಲ್ಲಿ ಕಾಣದ ಫ್ರೀಸ್-ಗ್ರೀನ್. ಜಾಜ್ ಸಂಗೀತಕ್ಕೆ ಹೆಸರಾದ ವರ್ವ್ ಲೇಬಲ್ಲು ಇವರನ್ನು ತೆಗೆದುಕೊಂಡಿತು. ಮತ್ತೆ ಅದೇ ವೆಸೆಕ್ಸ್ ಸ್ಟುಡಿಯೋ, ಮತ್ತೆ ಅದೇ ಕತ್ತಲು, ಮತ್ತೆ ಫಿಲ್ ಬ್ರೌನ್.

ಈ ಬಾರಿ ಗಡಿಯಾರಗಳನ್ನೂ ತೆಗೆಸಿದರು. ಏಳು ತಿಂಗಳು ಹಾಗೆ ಕಳೆದರು. ಸುಮಾರು 50 ವಾದ್ಯಗಾರರು ಬಂದು ಹೋದರು. ಆಲ್ಬಮಿನಲ್ಲಿ ಉಳಿದದ್ದು 20 ಜನರಿಗಿಂತ ಕಡಿಮೆ ಮಂದಿಯ ನಾದ. ಡ್ರಮ್ಸ್‌ಗೆ ಮೈಕನ್ನು ಹತ್ತಿರ ಇಡದೆ ದೂರ ಇಟ್ಟರು. ಹಾಗಾಗಿ ಡ್ರಮ್ಸ್ ಜೊತೆಗೆ ಆ ಕೋಣೆಯ ಗಾಳಿಯೂ ಕೇಳಿಸುತ್ತದೆ. ವಯೋಲಿನ್‌ಗಿಂತ ತಗ್ಗಿದ ಕಂಠದ ವಯೋಲಾಗಳನ್ನು ತಂದರು. ಇದೇ ಐದನೆಯ ಆಲ್ಬಂ, 'ಲಾಫಿಂಗ್ ಸ್ಟಾಕ್', 1991ರ ಸೆಪ್ಟೆಂಬರಿನದು. ಇದರ ಹೊದಿಕೆಯಲ್ಲೂ ಮರವಿದೆ. ಕೊಂಬೆಗಳ ಮೇಲೆ ಬಣ್ಣಬಣ್ಣದ ಹಕ್ಕಿಗಳು ಕೂತಿವೆ. ಸ್ವಲ್ಪ ದೂರದಿಂದ ನೋಡಿದರೆ ಆ ಹಕ್ಕಿಗಳೇ ಭೂಪಟದ ಖಂಡಗಳಾಗಿ ಕಾಣುತ್ತವೆ.

ಮೊದಲ ಹಾಡು ಶುರುವಾಗುವ ಮೊದಲು ಸುಮಾರು 15 ಸೆಕೆಂಡು ಕೇಳಿಸುವುದು ಆಂಪ್ಲಿಫೈಯರಿನ ಸುಯ್ಯೆನ್ನುವ ಸದ್ದು ಮಾತ್ರ. ಇನ್ನೂ ಯಾರೂ ತಂತಿ ಮುಟ್ಟಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕತ್ತರಿಸಿ ಎಸೆಯುತ್ತಿದ್ದರು. ಇವರು ಉಳಿಸಿಕೊಂಡರು. ಎರಡನೆಯ ಹಾಡು 'ಅಸೆನ್ಷನ್ ಡೇ' ಏರುತ್ತ ಏರುತ್ತ ಹೋಗಿ, ಅಬ್ಬರದ ನೆತ್ತಿಯಲ್ಲಿ ಕತ್ತರಿ ಹಾಕಿದ ಹಾಗೆ ನಿಂತುಬಿಡುತ್ತದೆ. ಅಕ್ಕನ ಮಗಳು ಪ್ಲೇಯರ್ ಕೆಟ್ಟಿತೆಂದು ಎದ್ದೇಬಿಟ್ಟಳು. ಮೂರನೆಯದು 'ಆಫ್ಟರ್ ದಿ ಫ್ಲಡ್'. ಸುಮಾರು ಒಂಬತ್ತೂವರೆ ನಿಮಿಷದ್ದು. ನಡುವೆ ಒಂದು ವಾದ್ಯ ಒಂದೇ ಸ್ವರವನ್ನು ಹಿಡಿದು ಒಂದು ನಿಮಿಷಕ್ಕೂ ಹೆಚ್ಚು ಕಾಲ ಸೀಳುತ್ತದೆ. ವೇರಿಯೋಫೋನ್ ಎಂಬ, ಉಸಿರು ಕೊಟ್ಟು ನುಡಿಸುವ ವಿದ್ಯುತ್ ವಾದ್ಯ. ರಾಕ್ ಸಂಗೀತದಲ್ಲಿ ಒಂಟಿ ವಾದನವೆಂದರೆ ಬೆರಳ ಚಳಕ ತೋರಿಸುವ ಜಾಗ. ಇಲ್ಲಿ ಚಳಕ ಯಾವುದೂ ಇಲ್ಲ. ಒಂದು ಸ್ವರ, ಅದರ ಒಳಗಿನ ನೋವು.

ಐದನೆಯ ಹಾಡು 'ನ್ಯೂ ಗ್ರಾಸ್'. ಹೊಸ ಹುಲ್ಲು. ಈ ಬ್ಯಾಂಡಿನ ಐದೂ ಆಲ್ಬಂಗಳಲ್ಲಿ ಒಂದೇ ಹಾಡು ಉಳಿಸಿಕೋ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಇದೂ ಒಂಬತ್ತೂವರೆ ನಿಮಿಷ. ಮಳೆ ನಿಂತ ಮಾರನೆಯ ಬೆಳಗಿನ ಹಾಗಿದೆ. ಲೀ ಹ್ಯಾರಿಸ್ ಮೊದಲಿಂದ ಕೊನೆಯವರೆಗೆ ಒಂದೇ ಲಯ ನುಡಿಸುತ್ತಾರೆ, ಹಗುರ ಕೈಯಲ್ಲಿ. ಅದರ ಮೇಲೆ ಗಿಟಾರು, ಆರ್ಗನ್, ಪಿಯಾನೋ ಒಂದೊಂದಾಗಿ ಬರುತ್ತವೆ, ಏನೋ ಎರಡು ಮಾತಾಡಿ ಹೋಗುತ್ತವೆ. ಹಾಲಿಸ್ ಅವರ ಪದಗಳು ತುಟಿಯಿಂದ ಹೊರಬರುವ ಮೊದಲೇ ಕರಗುತ್ತವೆ. ಹಾಡು ಮುಗಿದಾಗ ತಬಲಾ ಗೆಳೆಯ ಬಹಳ ಹೊತ್ತು ತಲೆದೂಗುತ್ತಿದ್ದ. "ಠೇಕಾ ಹಿಡಿದಾನ ನೋಡು. ಒಂದು ತಿಹಾಯಿ ಇಲ್ಲ, ಒಂದು ತುಕಡಾ ಇಲ್ಲ. ನಾವು ಇಷ್ಟು ವರ್ಷ ಬಾರಿಸಿದರೂ ಈ ಸಮಾಧಾನ ಬರಂಗಿಲ್ಲ" ಎಂದ. ಹಾಡುವವರಿಗೆ ಜಾಗ ಬಿಟ್ಟು, ಅಲಂಕಾರದ ತುಣುಕುಗಳಿಲ್ಲದೆ ಬರೀ ಠೇಕಾ ಹಿಡಿಯುವುದು ಎಷ್ಟು ಕಷ್ಟ ಎಂದು ಸಾಥ್ ಮಾಡುವವರಿಗೇ ಗೊತ್ತು.

ಆಲ್ಬಂ ಬ್ರಿಟನ್ನಿನಲ್ಲಿ 26ನೇ ಸ್ಥಾನ ಮುಟ್ಟಿತು. ಬ್ಯಾಂಡು ಅಲ್ಲಿಗೆ ಮುಗಿಯಿತು. ಆಗ ಕೆಲವರು ಇದನ್ನು ಹೊಗಳಿದರು, ಬಹಳ ಜನ ದಾಟಿಹೋದರು. 1994ರ ಹೊತ್ತಿಗೆ ಸೈಮನ್ ರೆನಾಲ್ಡ್ಸ್ ಎಂಬ ವಿಮರ್ಶಕರು 'ಪೋಸ್ಟ್-ರಾಕ್' ಎಂಬ ಮಾತನ್ನು ಚಾಲ್ತಿಗೆ ತಂದರು. ರಾಕ್ ವಾದ್ಯಗಳನ್ನೇ ಹಿಡಿದು ರಾಕ್ ಅಲ್ಲದ ಸಂಗೀತ ಮಾಡುವವರ ಗುಂಪಿಗೆ ಅದು ಹೆಸರಾಯಿತು. ಆ ಹೊಳೆಯ ಮೂಲ ಹುಡುಕಿ ಹೋದವರೆಲ್ಲ ಈ ಕೊನೆಯ ಎರಡು ಆಲ್ಬಂಗಳ ಬಳಿ ಬಂದು ನಿಂತರು.

ಐದೂ ಆಯಿತು. ಆದರೆ ಎಳೆ ಇನ್ನೂ ಸ್ವಲ್ಪ ಉಳಿದಿದೆ. ನಾವು ಆರನೆಯ ಭಾನುವಾರವೂ ಸೇರಿದೆವು.

1998ರಲ್ಲಿ ಹಾಲಿಸ್ ಒಬ್ಬರೇ ಒಂದು ಆಲ್ಬಂ ತಂದರು. ಅದಕ್ಕೆ ಅವರ ಹೆಸರೇ ಹೆಸರು. ವಿದ್ಯುತ್ ವಾದ್ಯಗಳನ್ನು ಬದಿಗಿಟ್ಟು, ಎದುರಿಗೆ ಎರಡು ಮೈಕು ಇಟ್ಟು, ಪಕ್ಕದಲ್ಲೇ ಕೂತು ನುಡಿಸುತ್ತಿದ್ದಾರೆ ಅನ್ನಿಸುವ ಹಾಗೆ ಮಾಡಿದ ಆಲ್ಬಂ. ಕುರ್ಚಿ ಕಿರುಗುಟ್ಟುವುದು, ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸುತ್ತದೆ. ಅದರಲ್ಲಿ 'ಎ ಲೈಫ್' ಎಂಬ ಹಾಡಿದೆ. ಹೆಸರಿನ ಮುಂದೆ ಎರಡು ಇಸವಿ, 1895 ಮತ್ತು 1915. ಮೊದಲ ಮಹಾಯುದ್ಧದಲ್ಲಿ 20ನೇ ವಯಸ್ಸಿಗೆ ಸತ್ತ ರೋಲಂಡ್ ಲೇಟನ್ ಎಂಬ ಸೈನಿಕನನ್ನು ನೆನೆದು ಕಟ್ಟಿದ್ದು. ಲೇಖಕಿ ವೀರಾ ಬ್ರಿಟನ್ ಅವರು ಮದುವೆಯಾಗಬೇಕಿದ್ದ ಹುಡುಗ ಆತ. ಒಂದು ಇಡೀ ಬದುಕನ್ನು ಎಂಟು ನಿಮಿಷದಲ್ಲಿ, ಕೆಲವೇ ಕೆಲವು ಪದಗಳಲ್ಲಿ ಹೇಳಿ ಮುಗಿಸುತ್ತಾರೆ.

ಅಲ್ಲಿಗೆ ಹಾಲಿಸ್ ಸಂಗೀತದಿಂದ ಹಿಂದೆ ಸರಿದರು. ತಮಗೆ ಮಕ್ಕಳಿದ್ದಾರೆ, ಊರೂರು ತಿರುಗುವ ಸಂಗೀತಗಾರ ಒಳ್ಳೆಯ ತಂದೆಯಾಗುವುದು ಕಷ್ಟ, ಅದಕ್ಕೇ ಮನೆಯನ್ನು ಆರಿಸಿಕೊಂಡೆ ಎಂಬುದು ಅವರು ಕೊಟ್ಟ ಕಾರಣ. ಹಳೆಯ ಹಾಡು ಹಾಡಿಕೊಂಡು ಮತ್ತೆ ಬರಲಿಲ್ಲ. ತಮ್ಮ ಹೆಸರಿನಲ್ಲಿ ಇನ್ನೊಂದು ಆಲ್ಬಂ ಮಾಡಲಿಲ್ಲ. 2012ರಲ್ಲಿ ಒಂದು ಟಿವಿ ಧಾರಾವಾಹಿಗೆ ಪುಟ್ಟದೊಂದು ವಾದ್ಯ ಸಂಗೀತ ಕೊಟ್ಟರು. 2019ರ ಫೆಬ್ರವರಿಯಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷದ ಆ ಮೌನವನ್ನು ಸೋಲು ಎಂದವರಿದ್ದಾರೆ, ಹಟ ಎಂದವರಿದ್ದಾರೆ. ಐದು ಆಲ್ಬಮನ್ನೂ ಕ್ರಮವಾಗಿ ಕೇಳಿದ ನಮಗೆ ಹಾಗೆ ಅನ್ನಿಸಲಿಲ್ಲ. ಸ್ಟುಡಿಯೋದಲ್ಲಿ ಕೂತು ತುಣುಕು ತುಣುಕು ಅಳಿಸುತ್ತಿದ್ದ ಅದೇ ಕೈ ಇಲ್ಲೂ ಕೆಲಸ ಮಾಡಿದೆ ಅನ್ನಿಸಿತು.

ಹಾಲಿಸ್ ಒಬ್ಬರೇ ತಂದ ಆ ಆಲ್ಬಮಿನ ಕೊನೆಯ ಹಾಡು ಮುಗಿದ ಮೇಲೆ ಟೇಪು ನಿಲ್ಲುವುದಿಲ್ಲ. ಸುಮಾರು ಎರಡು ನಿಮಿಷ ಹಾಗೇ ಓಡುತ್ತದೆ, ಏನೂ ನುಡಿಸದೆ. ಅಕ್ಕನ ಮಗಳ ಕೈ ಗುಂಡಿ ಒತ್ತಲು ಹೋಯಿತು. ಅರ್ಧದಲ್ಲಿ ನಿಂತಿತು. ನಾವು ನಾಲ್ವರೂ ಕೂತಿದ್ದೆವು. ಪಕ್ಕದ ಮನೆಯ ಕುಕ್ಕರು ಕೂಗಿತು. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು. ನಮ್ಮ ತೆಂಗಿನ ಮರದಲ್ಲಿ ಗಾಳಿಯಾಡಿತು. ಅಷ್ಟೂ ಆ ಆಲ್ಬಮಿಗೇ ಸೇರಿದ ಸದ್ದುಗಳಂತೆ ಕೇಳಿಸಿದವು.

ಕೇಳುಗರೇ, ನನ್ನ ಹಾಳೆಗಳು ಮುಗಿದವು. ಉದ್ಘೋಷಕರನ್ನು ಒಂದು ವಿಷಯ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ನಾನು ನಮಸ್ಕಾರ ಹೇಳಿದ ಮೇಲೆ ಐದು ಸೆಕೆಂಡು ಬಿಟ್ಟು ಮುಂದಿನ ಕಾರ್ಯಕ್ರಮ ಹೇಳುತ್ತಾರೆ. ರೇಡಿಯೋ ತಟ್ಟಬೇಡಿ, ಸೆಲ್ಲು ಸರಿಯಾಗಿದೆ.

ನಮಸ್ಕಾರ.